ಸೆಲ್ಲಿನ ಮೈಮೇಲೊಂದು ಗೆರೆ

ಮಳೆಗಾಲದ ರಾತ್ರಿ ಅಪ್ಪ ತೋಟಕ್ಕೆ ಹೊರಟರೆ ಅಮ್ಮನಿಗೆ ಟಾರ್ಚಿನದೇ ಚಿಂತೆ. ಹಾವು ಓಡಾಡುವ ದಾರಿ ಅದು. ಹಾಕಿ ನೋಡಿದರೆ ಬೆಳಕೇನೋ ಬರುತ್ತಿತ್ತು. ಅದು ಹತ್ತು ನಿಮಿಷಕ್ಕೋ, ಹತ್ತು ದಿನಕ್ಕೋ, ಹೇಳುವವರಾರು?

1996ರಲ್ಲಿ ಅಮೆರಿಕದ ಡ್ಯುರಾಸೆಲ್ ಕಂಪನಿ ಸೆಲ್ಲಿನ ಮೈಮೇಲೆಯೇ ಅದನ್ನು ತೋರಿಸುವ ಪಟ್ಟಿಯನ್ನು ತಂದಿತು. ಎರಡು ಚುಕ್ಕೆಗಳನ್ನು ಒತ್ತಿ ಹಿಡಿದರೆ ಬಣ್ಣದ ಗೆರೆ ಬೆಳೆಯುತ್ತದೆ. ಒಳಗೆ ಮೀಟರು ಗೀಟರು ಏನೂ ಇಲ್ಲ, ನನಗೆ ಹಿಡಿಸಿದ್ದೂ ಅದೇ. ಲೇಬಲ್ಲಿನಡಿ ವಿದ್ಯುತ್ ಹರಿಯುವ ತೆಳುವಾದ ಲೇಪ. ಒಂದು ತುದಿ ಕಿರಿದು, ಇನ್ನೊಂದು ಅಗಲ. ಮೇಲೆ, ಬಿಸಿಯಾದರೆ ಬಣ್ಣ ಬಿಟ್ಟು ಪಾರದರ್ಶಕವಾಗುವ ಶಾಯಿ. ಆಗ ಅಡಿಯ ಬಣ್ಣ ಕಾಣುತ್ತದೆ. ಕಿರಿದಾದ ಕಡೆ ರೋಧ ಹೆಚ್ಚು, ಅಲ್ಲಿ ಬೇಗ ಬಿಸಿ. ಅಗಲದ ತುದಿಯೂ ಕಾಯಬೇಕಾದರೆ ಹೊಸ ಸೆಲ್ಲಿನ 1.5 ವೋಲ್ಟಿನ ಕಸುವು ಬೇಕು. ವೋಲ್ಟು 1.2ಕ್ಕೆ ಇಳಿದರೆ ಶಾಖ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಕುಗ್ಗುತ್ತದೆ, ಏಕೆಂದರೆ ಅದು ವೋಲ್ಟಿನ ವರ್ಗಕ್ಕೆ ಅನುಗುಣ. ಹತ್ತನೆಯ ತರಗತಿಯ ಮಕ್ಕಳು ಓದುವ ಜೂಲ್ ನಿಯಮವೇ ಇದು!

ಒತ್ತಿದಷ್ಟು ಹೊತ್ತೂ ಸೆಲ್ಲು ಖರ್ಚಾಗುತ್ತಿರುತ್ತದೆ. ಚಿಕ್ಕ ಮಕ್ಕಳ ಕೈಗೆ ಸಿಕ್ಕರೆ ಪರೀಕ್ಷೆಯಲ್ಲೇ ಮುಗಿದೀತು. ಚಳಿಯಲ್ಲಿ ಒಳ್ಳೆಯ ಸೆಲ್ಲೂ ಗೆರೆಯನ್ನು ಮೊಟಕಾಗಿ ತೋರಿಸಬಹುದು. ಎಸೆಯುವ ಮುನ್ನ ಅಂಗೈಯಲ್ಲಿ ಸ್ವಲ್ಪ ಹೊತ್ತು ಬೆಚ್ಚಗಿಟ್ಟು ಮತ್ತೊಮ್ಮೆ ಒತ್ತಿ ನೋಡಿ.