ಒಂದೇ ಕಾವಿನ ಮರಿಗಳು

ಕೋಳಿಯ ಬಗ್ಗೆ ಬರೆಯುವುದಕ್ಕೆ ಏನಿದೆ ಎಂದು ಕೆಲವರಿಗೆ ಅನ್ನಿಸಬಹುದು. ಹೊಸೂರು ಸೀಮೆಯ ಗುಮ್ಮಳಾಪುರದವನಾದ ನನಗೆ ಅದು ಅಷ್ಟು ಸಣ್ಣ ವಿಷಯವಲ್ಲ. ನಮಗೆ ಹತ್ತಿರದ ಪೇಟೆಯ ಹೆಸರೇ ತಳಿ! ಆದರೂ ಅವ್ವ ಸಾಕಿದ ನಾಟಿಕೋಳಿಗಳನ್ನು ನೋಡಿದವರು ಅವು ಒಂದೇ ತಳಿಯವೆಂದು ಒಪ್ಪುತ್ತಿರಲಿಲ್ಲ. ಒಂದೇ ಹ್ಯಾಟೆ ತಾನಿಟ್ಟ ಮೊಟ್ಟೆಗಳಿಗೆ ಕಾವು ಕೂತು ಎಬ್ಬಿಸಿದ ಮರಿಗಳಲ್ಲಿ ಒಂದು ಕಪ್ಪು, ಒಂದು ಕಂದು, ಇನ್ನೊಂದಕ್ಕೆ ಬೂದು ಚುಕ್ಕೆ, ಮತ್ತೊಂದರ ಕತ್ತಿನಲ್ಲಿ ಗರಿಯೇ ಇಲ್ಲ.

ಇದರ ಕಾರಣವನ್ನು ಮುಂದೆ ಓದಿ ತಿಳಿದೆ. ಬಟಾಣಿ ಗಿಡಗಳಲ್ಲಿ ಮೆಂಡೆಲ್ ಕಂಡ ಅನುವಂಶೀಯತೆಯ ನಿಯಮ ಪ್ರಾಣಿಗಳಿಗೂ ಸಲ್ಲುತ್ತದೆಂದು ಇಂಗ್ಲೆಂಡಿನ ಬೇಟ್ಸನ್ 1902ರಲ್ಲಿ ತೋರಿಸಿಕೊಟ್ಟದ್ದು ಕೋಳಿಗಳ ಜುಟ್ಟಿನ ಆಕಾರವನ್ನು ಪರಿಶೀಲಿಸಿ. ಬೋಳುಕತ್ತಿನ ಗುಣ ತಾಯಿಯಿಂದಾಗಲಿ ತಂದೆಯಿಂದಾಗಲಿ ಒಂದು ಕಡೆಯಿಂದ ಬಂದರೂ ಸಾಕು, ಮರಿಯಲ್ಲಿ ಕಾಣಿಸಿಕೊಳ್ಳುತ್ತದೆ. ಫಾರಂಗಳ ಬಿಳಿ ಲೆಗ್‌ಹಾರ್ನ್ ಕೋಳಿಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತವೆ, ನಿಜ. ಆದರೆ ಆ ಬಿಳುಪಿನ ಅಡಿಯಲ್ಲಿ ಬೇರೆ ಬಣ್ಣಗಳ ಗುಣ ಅಡಗಿ ಕೂತಿರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಗಿರಿರಾಜ ಕೋಳಿಗಳಲ್ಲಂತೂ ಬಗೆಬಗೆಯ ಬಣ್ಣ.

ಹುಟ್ಟಿನಿಂದ ಬಂದ ವ್ಯತ್ಯಾಸ ಒಂದಾದರೆ, ದುಡಿಮೆಯಿಂದ ಬಂದದ್ದು ಇನ್ನೊಂದು. ನನ್ನ ಶಾಲೆಯ ಖರ್ಚಿಗೆಂದು ಅವ್ವ ಒಮ್ಮೆ ಎರಡು ಹ್ಯಾಟೆಗಳನ್ನು ಮಂಕರಿಯಲ್ಲಿಟ್ಟು ಸಂತೆಗೆ ಒಯ್ದಳು. ವ್ಯಾಪಾರಿ ಹಳದಿ ಕಾಲಿನದನ್ನು ಎತ್ತಿಕೊಂಡ.

“ಅಕ್ಕಾ, ಆ ಇನ್ನೊಂದರ ಕಾಲು ಬಿಳಚಿಕೊಂಡದೆ. ಸೀಕು ಕೋಳಿ. ಅರ್ಧ ರೇಟಿಗಾದ್ರೆ ಕೊಡಿ.”

“ಸೀಕಲ್ಲಪ್ಪ, ಜುಟ್ಟು ನೋಡು ಎಷ್ಟು ಕೆಂಪಗದೆ! ಕಾಲಿನ ಬಣ್ಣವನ್ನ ಮೊಟ್ಟೆಗೆ ಇಳಿಸದೆ.”

ಅವ್ವ ಅದನ್ನು ಮಂಕರಿಯಲ್ಲೇ ವಾಪಸು ತಂದಳು. ಸಾಲದ ದುಡ್ಡಿಗೆ ಆ ಕೋಳಿಯ ಮೊಟ್ಟೆಗಳೇ ಆದವು. ಅವಳು ಹೇಳಿದ್ದು ಶಾಸ್ತ್ರಕ್ಕೂ ಒಪ್ಪುವ ಮಾತು. ಹಳದಿ ಕಾಲಿನ ಕೋಳಿ ಮೊಟ್ಟೆಯಿಡತೊಡಗಿದಾಗ ಮೇವಿನಿಂದ ಬಂದ ಹಳದಿ ಮೊಟ್ಟೆಯ ಭಂಡಾರಕ್ಕೆ ಹೋಗುತ್ತದೆ. ಮೊದಲು ಕೊಕ್ಕು, ಆಮೇಲೆ ಕಾಲು ಬಿಳಚಿಕೊಳ್ಳುತ್ತವೆ. ಮೊಟ್ಟೆ ನಿಂತ ಮೇಲೆ ಬಣ್ಣ ಮರಳಿ ಬರುತ್ತದೆ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಾವು ಮದರಾಸಿನಲ್ಲಿ ಉಳಿದೆವು, ಕಾಸರಗೋಡಿನ ಬಂಧುಗಳಾದ ನೀವು ಕೇರಳಕ್ಕೆ ಸೇರಿದಿರಿ. ನಮ್ಮ ಕನ್ನಡಕ್ಕೆ ತಮಿಳು, ತೆಲುಗಿನ ಬಣ್ಣ. ನಿಮ್ಮದಕ್ಕೆ ತುಳು, ಮಲಯಾಳದ ಬಣ್ಣ. ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದ ನಾಲ್ವರಲ್ಲಿ ಗುಮ್ಮಳಾಪುರದ ಸಿದ್ಧಲಿಂಗಯತಿಗಳೂ ಒಬ್ಬರು. ಒಂದೇ ಕೃತಿ ನಾಲ್ಕು ರೂಪ ತಾಳಿದರೂ ಅದನ್ನು ಯಾರೂ ಬೆರಕೆ ಎನ್ನಲಿಲ್ಲ.

ಬೆಂಗಳೂರಿನ ನೆಂಟರು ಬಂದಾಗ ನಮ್ಮ ಮಕ್ಕಳ ಮಾತು ಕೇಳಿ, “ಇದೆಂಥ ಕನ್ನಡ?” ಎಂದು ನಗುತ್ತಾರೆ. ನಾಚಿಕೊಂಡ ಮಕ್ಕಳು ಅವರೆದುರು ಕನ್ನಡವನ್ನೇ ಬಿಟ್ಟುಬಿಡುತ್ತವೆ. ಹೊರಗೆಲ್ಲ ಬೇರೆ ಭಾಷೆಯಲ್ಲಿ ದಿನ ಕಳೆದು, ಮನೆಗೆ ಬಂದು “ಅವ್ವಾ” ಎನ್ನುವ ನಾಲಿಗೆ ಅದು. ಬಣ್ಣ ಇಳಿದಿದೆಯೆಂದು ನಗುವ ಮೊದಲು ನೆಂಟರು ಅದರ ಜುಟ್ಟನ್ನೂ ಒಮ್ಮೆ ನೋಡಲಿ.