ಇಳಿಯದ ಮುದ್ದೆ

ರಾಗಿಯ ಮುದ್ದೆಯನ್ನು ಅಗಿಯಬಾರದು, ನುಂಗಬೇಕೆಂಬುದು ಕೋಲಾರದ ಸೀಮೆಯಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಪಾಠಗಳಲ್ಲೊಂದು. ಮುಳಬಾಗಿಲಿನ ಕಡೆಯ ಒಂದು ಮನೆಯಲ್ಲಿ, ಎಪ್ಪತ್ತು ದಾಟಿದ ಹಿರಿಯರೊಬ್ಬರು ಒಂದು ರಾತ್ರಿ ಆ ಪಾಠವನ್ನೇ ಮರೆತವರಂತೆ ತುತ್ತನ್ನು ಬಾಯಲ್ಲಿಟ್ಟುಕೊಂಡು ಕುಳಿತುಬಿಟ್ಟರು.

"ಸಾರು ರುಚಿಯಾಗಿಲ್ಲವೆ, ಮಾವಯ್ಯ?" ಎಂದು ಸೊಸೆ ಕೇಳಿದಳು.

"ಹಸಿವಿಲ್ಲಮ್ಮ" ಎಂದು ಅವರು ತಟ್ಟೆಯನ್ನು ಸರಿಸಿದರು.

ಕೆಲವು ತಿಂಗಳುಗಳಲ್ಲಿ ಮುದ್ದೆ ಹೋಗಿ ಅನ್ನ, ಅನ್ನ ಹೋಗಿ ಗಂಜಿಯಾಯಿತು. ಮನೆಯವರು ಇದನ್ನು ಮುಪ್ಪಿನ ಹಟವೆಂದೆಣಿಸಿದರು. ಸೊಸೆ ತನ್ನ ಅಡುಗೆಯ ಮೇಲಿನ ಮುನಿಸೆಂದು ನೊಂದಳು. ಗಂಟಲಿನಲ್ಲಿ ಅರ್ಬುದವೇ ಬೆಳೆದಿರಬೇಕೆಂಬ ಭಯವನ್ನು ಹಿರಿಯರು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದರು.

ಕಡೆಗೆ ಕೋಲಾರಕ್ಕೆ ಕರೆದೊಯ್ದಾಗ, ವೈದ್ಯರು ಮೊದಲು ಗಂಟಲಿಗೆ ನಳಿಕೆಯಿಳಿಸಿ ನೋಡಿ ಅರ್ಬುದವಿಲ್ಲವೆಂದು ನಿಶ್ಚಯಿಸಿದರು. ಕಾರಣವು ಕತ್ತಿನ ಕ್ಷಕಿರಣಚಿತ್ರದಲ್ಲಿ ಕಂಡಿತು. ಅನ್ನನಾಳವು ಕತ್ತಿನ ಬೆನ್ನೆಲುಬಿನ ಮುಂಬದಿಗೆ ಒತ್ತಿಕೊಂಡೇ ಇಳಿಯುವುದು. ಆ ಎಲುಬುಗಳ ಅಂಚಿನಿಂದ ಗಿಳಿಯ ಕೊಕ್ಕಿನಂತೆ ಹೊಸ ಮೂಳೆ ಬೆಳೆದು, ಅನ್ನದ ದಾರಿಯನ್ನು ಹಿಂದಿನಿಂದ ಅಮುಕುತ್ತಿದ್ದಿತು. ಮುಪ್ಪಿನಲ್ಲಿ, ಅದರಲ್ಲಿಯೂ ಸಿಹಿಮೂತ್ರ ರೋಗವುಳ್ಳವರಲ್ಲಿ, ಬೆನ್ನೆಲುಬಿನ ಕಟ್ಟುಗಳು ಹೀಗೆ ಮೂಳೆಯಾಗುವುದುಂಟು. ಫ್ರಾನ್ಸಿನ ಫಾರೆಸ್ತಿಯೆ ಎಂಬ ವೈದ್ಯರು ಸಹೋದ್ಯೋಗಿಯೊಬ್ಬರೊಡನೆ 1950ರಲ್ಲಿ ಇದನ್ನು ವರ್ಣಿಸಿದರು.

ಈ ಸೀಮೆಯಲ್ಲಿ ಮತ್ತೊಂದು ಸಂದೇಹಕ್ಕೂ ಎಡೆಯುಂಟು. ಕೆರೆಗಳು ಬತ್ತಿ ಕೊಳವೆಬಾವಿಗಳು ಆಳಕ್ಕಿಳಿದಂತೆಲ್ಲ ಕಲ್ಲಿನೊಳಗಣ ಫ್ಲೋರೈಡು ಕುಡಿಯುವ ನೀರಿಗೆ ಬಂದಿತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಲವು ಹಳ್ಳಿಗಳಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿರುವುದು ಕಂಡುಬಂದಿದೆ. ಅಂಥ ನೀರನ್ನು ಬಹುಕಾಲ ಕುಡಿದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುವುದು. ಹಿರಿಯರ ಬೆನ್ನು ಬಿಗಿದು, ಮೂಳೆ ಬೇಡದೆಡೆಯಲ್ಲಿ ಬೆಳೆಯುವುದು. ನೆಲ್ಲೂರು ಜಿಲ್ಲೆಯಲ್ಲಿ ಈ ವ್ಯಾಧಿಯನ್ನು 1937ರಲ್ಲಿಯೇ ವೈದ್ಯರು ವರದಿಮಾಡಿದ್ದರು. ನೀರನ್ನು ಕಾಯಿಸಿದ ಮಾತ್ರಕ್ಕೆ ಫ್ಲೋರೈಡು ಹೋಗದು.

ಹಿರಿಯರ ಮೂಳೆ ಬೆಳೆದುದು ವಯಸ್ಸಿನಿಂದಲೋ ನೀರಿನಿಂದಲೋ ಎಂಬುದನ್ನು ವೈದ್ಯರು ಖಚಿತವಾಗಿ ಹೇಳಲಿಲ್ಲ. ಬಾಧೆ ಮಿತಿಮೀರಿದರೆ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಸದ್ಯಕ್ಕೆ ಮೆತ್ತನೆಯ ಆಹಾರ, ಸಣ್ಣ ತುತ್ತು, ನೆಟ್ಟಗೆ ಕುಳಿತು ನಿಧಾನವಾಗಿ ನುಂಗುವುದು ಸಾಕೆಂದರು.

ಅಂದು ರಾತ್ರಿ ಸೊಸೆ ಅದೇ ರಾಗಿಯ ಹಿಟ್ಟಿನಿಂದ ತೆಳ್ಳಗೆ ಅಂಬಲಿ ಕಾಯಿಸಿ ಮುಂದಿಟ್ಟಳು.

"ಇಷ್ಟು ದಿನ ಹೇಳಬಾರದಾಗಿತ್ತೆ, ಮಾವಯ್ಯ?"

"ನೀವೆಲ್ಲ ಹೆದರುವಿರೆಂದು ಸುಮ್ಮನಿದ್ದೆನಮ್ಮ."

ಅವರು ಗುಟುಕು ಗುಟುಕಾಗಿ ಕುಡಿದು ಮುಗಿಸಿದರು. ಬೆಳಗಾಗುತ್ತಲೆ ಮೊಮ್ಮಗನು ಕ್ಯಾನು ಹಿಡಿದು, ಊರಿನ ಶುದ್ಧ ನೀರಿನ ಘಟಕದ ಮುಂದೆ ಸಾಲಿನಲ್ಲಿ ನಿಂತಿದ್ದನು.