ರೆಕ್ಕೆಯ ಕೀರ್ತನೆ

ಕಳೆದ ತಿಂಗಳು ಒಂದು ರಾತ್ರಿ, ಊಟ ಮುಗಿಸಿ, ಕನ್ನಡಕ ತೆಗೆದಿಟ್ಟು ಮಲಗುವ ಸಿದ್ಧತೆಯಲ್ಲಿದ್ದಾಗ ಫೋನು ಬಂದಿತು. ಹತ್ತು ಗಂಟೆಯ ಮೇಲೆ ಬರುವ ಕರೆಯೆಂದರೆ ನನ್ನ ವಯಸ್ಸಿನವರ ಎದೆ ಮೊದಲು ಒಮ್ಮೆ ಧಸಕ್ಕೆನ್ನುತ್ತದೆ. ಕರೆ ಮಾಡಿದಾಕೆ ನನ್ನ ಹಳೆಯ ವಿದ್ಯಾರ್ಥಿನಿ, 1986ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವಳು. ಈಗ ಆಕೆಗೂ ತಲೆ ನರೆತಿದೆ, ಮೊಮ್ಮಕ್ಕಳಿದ್ದಾರೆ. ಆದರೆ ಫೋನಿನಲ್ಲಿ ಕೇಳಿಬಂದದ್ದು ಲೆಕ್ಕ ತಪ್ಪಿ ಅಳಲು ಸಿದ್ಧಳಾಗಿ ನಿಂತಿದ್ದ ಅದೇ ಹುಡುಗಿಯ ದನಿ.

“ಸರ್, ನಾಳೆ ನಮ್ಮ ಮನಿಯವರದು ಹಾರ್ಟ್ ಆಪರೇಶನ್ ಐತ್ರಿ. ನಿದ್ದಿ ಬರವಲ್ದು. ಅಕ್ಕೋರು ಪರೀಕ್ಷಾ ದಿವಸ ನಮಗ ಆ ರೆಕ್ಕಿದ್ದು ಓದತಿದ್ರಲ್ರಿ, ಅದನ್ನ ಒಮ್ಮೆ ಓದ್ರಿ.”

ಅಕ್ಕೋರು ಎಂದರೆ ನನ್ನ ಮಡದಿ. ನಿಮ್ಮಲ್ಲಿ ಅನೇಕರು ಆಕೆಯ ಕೈಯ ಅವಲಕ್ಕಿ ತಿಂದವರು. ತರಗತಿಯೊಳಕ್ಕೆ ನಮ್ಮ ಮನೆಯ ಧರ್ಮವನ್ನು ನಾವಿಬ್ಬರೂ ಎಂದೂ ಒಯ್ದವರಲ್ಲ. ಆದರೆ ಪರೀಕ್ಷೆಯ ಕಾಲದಲ್ಲಿ ಓದಲು ಮನೆಗೆ ಬಂದು ಪಡಸಾಲೆಯಲ್ಲಿ ಮಲಗುತ್ತಿದ್ದ ಹುಡುಗಿಯರು ಬೆಳಿಗ್ಗೆ ಹೊರಡುವಾಗ, “ಅಕ್ಕೋರ, ನಮಗೂ ಓದ್ರಿ” ಎಂದು ತಾವಾಗಿಯೇ ಕೇಳುತ್ತಿದ್ದರು. ಆಗ ಆಕೆ ಸತ್ಯವೇದ ತೆರೆದು 91ನೆಯ ಕೀರ್ತನೆಯನ್ನು ಓದುತ್ತಿದ್ದಳು. ದೇವರು ತನ್ನ ಗರಿಗಳಿಂದ ಹೊದಿಸುತ್ತಾನೆ, ಅವನ ರೆಕ್ಕೆಗಳ ಅಡಿಯಲ್ಲಿ ಆಶ್ರಯವಿದೆ ಎಂಬ ಭಾವದ ಮಾತು ಅದರಲ್ಲಿ ಬರುವುದರಿಂದ ಹುಡುಗಿಯರ ಬಾಯಲ್ಲಿ ಅದು ‘ರೆಕ್ಕಿದ್ದು’ ಆಗಿಹೋಗಿತ್ತು.

ಆಕೆಗೆ ‘ಆಗಲಿ ತಾಯಿ’ ಎಂದೆ. ಹೇಳಿಬಿಟ್ಟ ಮೇಲೆ ಕೈ ನಡುಗಿತು. ಏಕೆಂದರೆ ಆ ಪುಟವನ್ನು ಇನ್ನೊಬ್ಬರಿಗಾಗಿ ಗಟ್ಟಿಯಾಗಿ ಓದಿ ಅನೇಕ ವರ್ಷಗಳೇ ಆಗಿದ್ದವು. ಅದಕ್ಕೆ ಕಾರಣವನ್ನು ನಾನು ಬಂಧುಗಳಿಗೂ ಸರಿಯಾಗಿ ಹೇಳಿರಲಿಲ್ಲ. ಇಂದು ಬರೆಯುತ್ತಿದ್ದೇನೆ.

ಈ ಕೀರ್ತನೆ ನಮ್ಮ ಮನೆಗೆ ಬಂದದ್ದು ಅಜ್ಜಿಯ ಮೂಲಕ. ಗದಗ-ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನವರು ನೆಲೆಯೂರಿದ್ದು 19ನೆಯ ಶತಮಾನದಲ್ಲಿ. ಅವರ ಕಾಲದಲ್ಲಿ ಕ್ರೈಸ್ತರಾದ ಮನೆತನಗಳಲ್ಲಿ ನಮ್ಮದೂ ಒಂದು. ಅಜ್ಜಿ ಓದು ಬಲ್ಲವಳಲ್ಲ, ಆದರೆ ಸತ್ಯವೇದದ ಯಾವ ಮಾತು ಯಾವ ಪುಟದ ಯಾವ ಮಗ್ಗುಲಿಗಿದೆ ಎಂಬುದನ್ನು ಬಲ್ಲವಳು. ಸಂಜೆ ಕಂದೀಲು ಹಚ್ಚಿದ ಮೇಲೆ ಓದುವ ಕೆಲಸ ನನ್ನದು, ಕೇಳುವ ಕೆಲಸ ಅವಳದು.

ಅವಳು ಆ ಕೀರ್ತನೆಯನ್ನು ಮೊದಲು ಕೇಳಿದ್ದು ಮನೆಯಲ್ಲಲ್ಲ, ಹೊಲದ ನಡುವಿನ ಗುಡಿಸಲಿನಲ್ಲಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮುಂದಿನ ವರ್ಷಗಳಲ್ಲಿ ಧಾರವಾಡ ಸೀಮೆಗೂ ಹಬ್ಬಿತು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಜನ ಊರು ಬಿಟ್ಟು ಹೊಲಗಳಲ್ಲಿ ಜೋಳದ ದಂಟಿನ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಅಜ್ಜಿಗೆ ಆಗ ಏಳೆಂಟು ವರ್ಷ. ಗುಡಿಸಲಿನಲ್ಲಿ ಅವಳ ತಂದೆ ದಿನವೂ ಈ ಕೀರ್ತನೆಯನ್ನೇ ಓದುತ್ತಿದ್ದನಂತೆ. ಊರಿಗೆ ಹಿಂತಿರುಗಿದಾಗ ಐದು ಮಕ್ಕಳಲ್ಲಿ ಉಳಿದವರು ಇಬ್ಬರು, ಅಜ್ಜಿ ಮತ್ತು ಅವಳ ತಮ್ಮ.

ಈ ಸಂಗತಿಯನ್ನು ಅಜ್ಜಿ ಬಾಯಾರೆ ಹೇಳಿದ್ದಳು. ನನಗೆ ಹನ್ನೊಂದು ಹನ್ನೆರಡು ವರ್ಷವಿದ್ದಾಗ, ಒಂದು ಸಂಜೆ ಓದುತ್ತ ಹತ್ತನೆಯ ವಚನಕ್ಕೆ ಬಂದೆ. ದೇವರನ್ನು ಆಶ್ರಯಿಸಿದವನ ಗುಡಾರದ ಹತ್ತಿರಕ್ಕೂ ವ್ಯಾಧಿ ಸುಳಿಯದು ಎಂಬ ಅಭಿಪ್ರಾಯದ ಮಾತು ಅಲ್ಲಿದೆ. ನಾನು ಥಟ್ಟನೆ ನಿಲ್ಲಿಸಿ, “ಅಜ್ಜಿ, ನಿಮ್ಮ ಗುಡಿಸಲಕ್ಕ ಬಂತಲ್ಲ?” ಎಂದೆ. ಮಕ್ಕಳ ಪ್ರಶ್ನೆಗೆ ಕರುಣೆ ಇರುವುದಿಲ್ಲ. ಅಜ್ಜಿ ಗೋಡೆಗೆ ಒರಗಿ ಕುಳಿತಿದ್ದವಳು ಅಲುಗಲಿಲ್ಲ. “ಯಾಕ ನಿಂತಿ? ಮುಂದ ಓದು. ಎಣ್ಣಿ ತೀರತೈತಿ” ಎಂದಳು.

ಗದರಿಸಿದಳೆಂದು ತಿಳಿದು ಸರಸರನೆ ಓದಿ ಮುಗಿಸಿದೆ.

ಮುಂದೆ ಉಪಾಧ್ಯಾಯನಾದ ಮೇಲೆ, ಪುಸ್ತಕದ ಹುಚ್ಚಿನಿಂದ, ಈ ಕೀರ್ತನೆ ಎಲ್ಲೆಲ್ಲಿ ಓಡಾಡಿ ಬಂದಿದೆ ಎಂದು ಹುಡುಕುವುದು ನನಗೊಂದು ಚಟವಾಯಿತು. ಮೃತ ಸಮುದ್ರದ ದಡದ ಕುಮ್ರಾನ್‌ನಲ್ಲಿ 1956ರಲ್ಲಿ ಸಿಕ್ಕ ಹನ್ನೊಂದನೆಯ ಗವಿಯ ಸುರುಳಿಗಳಲ್ಲೊಂದರಲ್ಲಿ, ದೆವ್ವಗಳನ್ನು ಓಡಿಸುವ ಹಾಡುಗಳ ಜೊತೆಗೇ ಇದನ್ನು ಬರೆದಿಟ್ಟಿದ್ದಾರೆ. ಎಂದರೆ ಎರಡು ಸಾವಿರ ವರ್ಷಗಳ ಹಿಂದೆಯೇ ಜನ ಇದನ್ನು ತಾಯತದಂತೆ ಬಳಸುತ್ತಿದ್ದರು! 6ನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಸಂನ್ಯಾಸಿಗಳಿಗೆ ನಿಯಮ ಬರೆದಾಗ ಮಲಗುವ ಮುನ್ನಿನ ಪ್ರಾರ್ಥನೆಗೆ ಇದನ್ನೂ ಸೇರಿಸಿದ. ಯೆಹೂದ್ಯರು ಇದನ್ನು ಮಲಗುವ ಹೊತ್ತಿನಲ್ಲಿ ಹೇಳಿಕೊಳ್ಳುತ್ತಾರೆ. ಹೆಣವನ್ನು ಹೂಳಲು ಒಯ್ಯುವಾಗಲೂ ಹೇಳುತ್ತಾರೆ. ಈ ಕೊನೆಯದನ್ನು ಓದಿದ ದಿನ ನನಗೆ ಅದು ವಿಚಿತ್ರವೆನಿಸಿತ್ತು. ರಕ್ಷಣೆಯ ಮಾತನ್ನು ಸತ್ತವರ ಹಿಂದೆ ನಡೆಯುತ್ತ ಹೇಳುವುದೇ? ಅದರಲ್ಲಿ ಅರ್ಥವಿರಬಹುದೆಂದು ಆಗ ಹೊಳೆಯಲಿಲ್ಲ.

ನಾನೂ ಅದನ್ನು ತಾಯತವಾಗಿಯೇ ಇಟ್ಟುಕೊಂಡಿದ್ದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಒಂದು ಸಣ್ಣ ಚೀಟಿಯಲ್ಲಿ ಬರೆದು ಕಿಸೆಯಲ್ಲಿಟ್ಟುಕೊಂಡು ಚುನಾವಣೆಯ ಕೆಲಸಕ್ಕೂ ಮೌಲ್ಯಮಾಪನಕ್ಕೂ ಊರೂರು ಅಲೆದೆ. ಒಮ್ಮೆ ನಾನು ತಪ್ಪಿಸಿಕೊಂಡ ಬಸ್ಸು ದಾರಿಯಲ್ಲಿ ಹಳ್ಳಕ್ಕೆ ಇಳಿದು ಹಲವರಿಗೆ ಪೆಟ್ಟಾಯಿತು. ಚೀಟಿಯನ್ನು ಕಣ್ಣಿಗೊತ್ತಿಕೊಂಡೆ. ಆ ಬಸ್ಸಿನಲ್ಲಿದ್ದವರ ಕಿಸೆಯಲ್ಲಿ ಏನಿತ್ತೆಂದು ಯೋಚಿಸಲಿಲ್ಲ.

2020ರ ಮಾರ್ಚ್ ತಿಂಗಳಿನಿಂದ, ದೇಶವೇ ಬಾಗಿಲು ಹಾಕಿಕೊಂಡು ಕುಳಿತಾಗ, ನಾವಿಬ್ಬರೂ ದಿನವೂ ರಾತ್ರಿ ಇದನ್ನು ಓದತೊಡಗಿದೆವು. ಆ ದಿನಗಳಲ್ಲಿ ಹತ್ತನೆಯ ವಚನವೊಂದನ್ನೇ ಕತ್ತರಿಸಿ, ಹೂವಿನ ಚಿತ್ರದ ಮೇಲೆ ಬರೆದು, ‘ಇದನ್ನು ಹತ್ತು ಜನರಿಗೆ ಕಳುಹಿಸಿ’ ಎಂಬ ಸಂದೇಶ ವಾಟ್ಸಾಪಿನಲ್ಲಿ ಬರುತ್ತಿತ್ತು. ನಾನೂ ಕೆಲವರಿಗೆ ಕಳುಹಿಸಿದೆ. 2021ರ ಏಪ್ರಿಲ್ ಕೊನೆಯಲ್ಲಿ ಆಕೆಗೆ ಜ್ವರ ಬಂದಿತು. ಮೇ ತಿಂಗಳಲ್ಲಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಗೇಟಿನ ಎದುರಿಗೆ ಒಂದು ಬೇವಿನ ಮರವಿತ್ತು; ಅದರ ಕೆಳಗೆ ಒಂಬತ್ತು ದಿನ ಕುಳಿತೆ. ನಮ್ಮಂಥವರು ಅಲ್ಲಿ ಮೂವತ್ತು ನಲವತ್ತು ಜನರಿದ್ದೆವು. ನಾಲ್ಕನೆಯ ದಿನ ಒಬ್ಬ ನರ್ಸ್ ತನ್ನ ಫೋನಿನಿಂದ ಮಾತನಾಡಿಸಿದಳು. ಏದುಸಿರಿನ ನಡುವೆ ಆಕೆ ಕೇಳಿದ್ದು ಒಂದೇ, “ಊಟ ಮಾಡೀರಿಲ್ಲೋ?”

ಅದೇ ಕೊನೆಯ ಮಾತು.

ಆ ಮೇಲೆ ಸಾಂತ್ವನ ಹೇಳಲು ಬಂದ ಒಬ್ಬರು, ಪ್ರಾರ್ಥನೆಯಲ್ಲಿ ಎಲ್ಲೋ ವಿಶ್ವಾಸ ಕಡಿಮೆಯಾಗಿರಬೇಕು ಎಂದರು. ಅವರ ಮೇಲೆ ನನಗೀಗ ಸಿಟ್ಟಿಲ್ಲ. ಆದರೆ ಅಂದು ಅವರು ಹೋದ ಮೇಲೆ ಚೀಟಿಯನ್ನು ಕಿಸೆಯಿಂದ ತೆಗೆದು ಮೇಜಿನ ಡ್ರಾಯರಿಗೆ ಹಾಕಿದೆ. ಸತ್ಯವೇದದ ಉಳಿದ ಭಾಗಗಳನ್ನು ಓದುತ್ತಿದ್ದೆ, ದೇವಾಲಯಕ್ಕೂ ಹೋಗುತ್ತಿದ್ದೆ. ಆ ಪುಟವನ್ನು ಮಾತ್ರ ತೆರೆಯಲಿಲ್ಲ. ತೆರೆದರೆ ಹನ್ನೆರಡು ವರ್ಷದ ಹುಡುಗನ ಪ್ರಶ್ನೆ ಅಲ್ಲಿಯೇ ಕುಳಿತಿರುತ್ತದೆಂದು ಗೊತ್ತಿತ್ತು.

ಒಂದು ವಿಷಯ ಮಾತ್ರ ಆ ದಿನಗಳಲ್ಲಿ ಮನಸ್ಸಿಗೆ ನಾಟಿತು. ಮತ್ತಾಯನೂ ಲೂಕನೂ ಬರೆದ ಸುವಾರ್ತೆಗಳಲ್ಲಿ, ಅರಣ್ಯದಲ್ಲಿ ನಲವತ್ತು ದಿನ ಉಪವಾಸವಿದ್ದ ಯೇಸುವನ್ನು ಪರೀಕ್ಷಿಸಲು ಸೈತಾನನು ಬರುತ್ತಾನಷ್ಟೇ. ಯೆರೂಸಲೇಮಿನ ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ‘ಕೆಳಕ್ಕೆ ಧುಮುಕು, ದೂತರು ಕೈಯಲ್ಲಿ ಎತ್ತಿಕೊಳ್ಳುತ್ತಾರೆಂದು ಬರೆದಿದೆಯಲ್ಲ’ ಎಂಬರ್ಥದಲ್ಲಿ ಅವನು ಆಧಾರವಾಗಿ ತೋರಿಸುವುದು ಇದೇ 91ನೆಯ ಕೀರ್ತನೆಯನ್ನು! ವೇದವಾಕ್ಯವನ್ನು ಹೂವಿನ ಚಿತ್ರದ ಮೇಲೆ ಕತ್ತರಿಸಿ ಅಂಟಿಸುವ ಕಲೆ ನಮಗಿಂತ ಮೊದಲೇ ಅವನಿಗೆ ತಿಳಿದಿತ್ತು. ಯೇಸು ಧುಮುಕಲಿಲ್ಲ. ಆ ಮಾತು ಸುಳ್ಳೆಂದೂ ಹೇಳಲಿಲ್ಲ. ದೇವರನ್ನು ಪರೀಕ್ಷಿಸಬಾರದು ಎಂಬ ಮೋಶೆಯ ಆಜ್ಞೆಯನ್ನು ನೆನಪಿಸಿ ಸುಮ್ಮನಾದ. ಬಸ್ಸಿನ ಚೀಟಿ ನೆನಪಾಗಿ ನಾಚಿಕೆಯೆನಿಸಿತು.

ಆಕೆ ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ, ಮಗಳು ಬಂದವಳು ತಾಯಿಯ ಸತ್ಯವೇದವನ್ನು ಒಯ್ಯಬೇಕೆಂದಳು. ಕೊಡುವ ಮುನ್ನ ಒಮ್ಮೆ ಪುಟ ತಿರುವಿದೆ. ಒಣಗಿದ ತುಳಸಿ ಎಲೆ, ಯಾರದೋ ಮದುವೆಯ ಕರೆಯೋಲೆ, ಹಾಲಿನ ಲೆಕ್ಕ. 91ನೆಯ ಕೀರ್ತನೆಯಲ್ಲಿ ಹತ್ತನೆಯ ವಚನದ ಬಳಿ ಏನೂ ಇರಲಿಲ್ಲ. ಹದಿನೈದನೆಯದರ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಅಂಚಿನಲ್ಲಿ ಒಂದು ತಾರೀಖು ಬರೆದಿದ್ದಳು, 1976ರದು. ಬಂಧುಗಳಲ್ಲಿ ಹಿರಿಯರಿಗೆ ಅದು ಯಾವ ದಿನವೆಂದು ತಿಳಿದೀತು. ನಮ್ಮ ಚೊಚ್ಚಲ ಮಗು ಎರಡೇ ದಿನ ಬದುಕಿ ಹೋದ ದಿನ. ಆಕೆ ಅಂದು ಏನಾದರೂ ಓದಿದ್ದಳೆಂಬುದು ನನಗೆ ಗೊತ್ತೇ ಇರಲಿಲ್ಲ. ನಾನು ಹೊರಗೆ ಕಟ್ಟೆಯ ಮೇಲೆ ಗಂಡಸರೊಂದಿಗೆ ಕುಳಿತಿದ್ದೆ.

ಹದಿನೈದನೆಯ ವಚನದಲ್ಲಿ ಏನಿದೆ? ಹದಿಮೂರು ವಚನಗಳ ತನಕ ಮಾತನಾಡುವವನು ಭಕ್ತ. ಹದಿನಾಲ್ಕರಿಂದ ದನಿ ಬದಲಾಗುತ್ತದೆ. ದೇವರೇ ‘ನಾನು’ ಎಂದು ಮಾತನಾಡತೊಡಗುತ್ತಾನೆ. ಕರೆದರೆ ಓಗೊಡುತ್ತೇನೆ, ಇಕ್ಕಟ್ಟಿನಲ್ಲಿ ಅವನೊಡನೆ ಇರುತ್ತೇನೆ ಎಂಬ ಆಶಯದ ಮಾತು ಅಲ್ಲಿ ಬರುತ್ತದೆ. ವ್ಯಾಕರಣ ಕಲಿಸಿದವನಾಗಿ ಗಮನಿಸಬೇಕಿತ್ತು: ಇಕ್ಕಟ್ಟು ಬರುತ್ತದೆ ಎಂಬುದನ್ನು ಒಪ್ಪಿಕೊಂಡ ವಾಕ್ಯವದು. ಅಷ್ಟು ವರ್ಷ ಓದಿಯೂ ನನ್ನ ಕಣ್ಣು ಹತ್ತರಲ್ಲೇ ನಿಂತಿತ್ತು. ಓದು ಬಾರದ ಅಜ್ಜಿ ‘ಮುಂದ ಓದು’ ಎಂದದ್ದು ಎಣ್ಣೆಯ ಚಿಂತೆಗೋ ಬೇರೆಯದಕ್ಕೋ, ಈಗ ಕೇಳಲು ಅವಳಿಲ್ಲ.

ಇನ್ನೊಂದು ಮಾತನ್ನು ಇಲ್ಲಿ ಸೇರಿಸುತ್ತೇನೆ. ಕನ್ನಡ ಪಾಠ ಹೇಳಿದವನ ಚಪಲವೆಂದು ಕ್ಷಮಿಸಿ. 121ನೆಯ ಕೀರ್ತನೆ ಬೆಟ್ಟಗಳ ಕಡೆ ಕಣ್ಣೆತ್ತುವುದರಿಂದ ಆರಂಭವಾಗುತ್ತದೆ. ಚಿಕ್ಕಂದಿನಲ್ಲಿ ಅದು ನಮ್ಮ ಕಪ್ಪತಗುಡ್ಡವೇ ಎಂದು ತಿಳಿದಿದ್ದೆ. ಯೆರೂಸಲೇಮಿಗೆ ಯಾತ್ರೆ ಹೋಗುವವರ ಹಾಡುಗಳೆಂದು ಹೇಳಲಾಗುವ ಹದಿನೈದು ಕೀರ್ತನೆಗಳಲ್ಲಿ ಅದೂ ಒಂದು. ಎಂಟೇ ವಚನಗಳಲ್ಲಿ ‘ಕಾಯು’ ಎಂಬರ್ಥದ ಹೀಬ್ರೂ ಧಾತು, ಶಾಮರ್, ಆರು ಸಲ ಬರುತ್ತದೆಂದು ಹೀಬ್ರೂ ಬಲ್ಲ ಸಭಾಪಾಲಕರೊಬ್ಬರು ನನಗೆ ತೋರಿಸಿದ್ದರು. ಅದೇ ಗುಂಪಿನ 130ನೆಯ ಕೀರ್ತನೆಯಲ್ಲಿ ಬೆಳಗಾಗುವುದನ್ನೇ ಎದುರು ನೋಡುವ ಕಾವಲುಗಾರರು ಬರುತ್ತಾರೆ. ಅಲ್ಲಿಯೂ ಅದೇ ಧಾತು. ನಮ್ಮ ಕನ್ನಡದಲ್ಲಿಯೂ ಹಾಗೆಯೇ ಅಲ್ಲವೇ? ಹೊಲ ಕಾಯುತ್ತೇವೆ, ದನ ಕಾಯುತ್ತೇವೆ, ದಾರಿಯನ್ನೂ ಕಾಯುತ್ತೇವೆ. ರಕ್ಷಿಸುವುದಕ್ಕೂ ಎದುರು ನೋಡುತ್ತ ಕುಳಿತಿರುವುದಕ್ಕೂ ಒಂದೇ ಮಾತು. ಬೇವಿನ ಮರದ ಕೆಳಗೆ ನಾನು ಒಂಬತ್ತು ದಿನ ಕಾದೆ. ಮೊದಲನೆಯ ಅರ್ಥದಲ್ಲಿ ಕಾಯಲು ನನ್ನಿಂದಾಗಲಿಲ್ಲ. ಎರಡನೆಯ ಅರ್ಥದಲ್ಲಿ ಆ ಗೇಟಿನ ಬಳಿ ಕಾಯುತ್ತಿದ್ದವನು ನಾನೊಬ್ಬನೇ ಅಲ್ಲ ಎಂದು ಈಗ ನಂಬಲು ಸಾಧ್ಯವಾಗಿದೆ. ಪೂರ್ತಿ ಅಲ್ಲ, ಕೆಲವು ರಾತ್ರಿ ಹಳೆಯ ಪ್ರಶ್ನೆ ಎದ್ದು ಕೂರುತ್ತದೆ.

ಮಗಳು ಆ ಪುಸ್ತಕ ಒಯ್ದಳು. ನನ್ನ ಪುಸ್ತಕದಲ್ಲಿ ಹದಿನೈದರ ಕೆಳಗೆ ನಾನೂ ಗೆರೆ ಎಳೆದುಕೊಂಡೆ, ತಾರೀಖು ಹಾಕಲಿಲ್ಲ. ಒಬ್ಬನೇ ಮೌನವಾಗಿ ಓದಿಕೊಳ್ಳುವುದನ್ನು ರೂಢಿಸಿಕೊಂಡೆ.

ಹಾಗಾಗಿ ಕಳೆದ ತಿಂಗಳು ಫೋನಿನಲ್ಲಿ ಓದಿದ್ದೇ ಮೊದಲ ಗಟ್ಟಿ ಓದು. ಗಂಟಲು ಎರಡು ಕಡೆ ಕಟ್ಟಿತು. ಹತ್ತನೆಯ ವಚನಕ್ಕೆ ಬಂದಾಗ ಒಂದು ಕ್ಷಣ ನಿಂತೆ. ಆಚೆಯಿಂದ, “ಓದ್ರಿ ಸರ್” ಎಂದಳು. ಕೊನೆಯವರೆಗೂ ಓದಿದೆ. ‘ನಿಮ್ಮವರಿಗೆ ಏನೂ ಆಗುವುದಿಲ್ಲ’ ಎಂದು ಹೇಳಲು ನಾಲಿಗೆಯ ತುದಿಗೆ ಬಂದಿತ್ತು, ಹೇಳಲಿಲ್ಲ. “ಫೋನು ಹತ್ರ ಇಟಗೊಂಡಿರತೇನವ್ವ, ಯಾವಾಗ ಬೇಕಾದ್ರೂ ಮಾಡು” ಎಂದೆ. ಆ ರಾತ್ರಿ ಆಕೆ ಮತ್ತೆರಡು ಸಲ ಮಾಡಿದಳು, ಏನೂ ವಿಶೇಷವಿರಲಿಲ್ಲ.

ಮರುದಿನ ಸಂಜೆ ಐದಕ್ಕೆ ಸುದ್ದಿ ಬಂದಿತು: ಶಸ್ತ್ರಚಿಕಿತ್ಸೆ ಮುಗಿದಿದೆ, ಯಜಮಾನರಿಗೆ ಎಚ್ಚರವಾಗಿದೆ. ಈಗ ಅವರು ಮನೆಯ ಅಂಗಳದಲ್ಲಿ ಅಡ್ಡಾಡುತ್ತಿದ್ದಾರೆ. ಅಂದು ಆಕೆ ಇನ್ನೊಂದು ಮಾತನ್ನೂ ಹೇಳಿದಳು. ಅದೇ ದಿನ ಒಳಗೆ ಹೋದ ಇನ್ನೊಬ್ಬ ರೋಗಿ ಉಳಿಯಲಿಲ್ಲವಂತೆ. ಆತನ ಹೆಂಡತಿ ಕಾರಿಡಾರಿನ ಬೆಂಚಿನ ಮೇಲೆ ಒಬ್ಬಳೇ ಕುಳಿತಿದ್ದಳಂತೆ, ಊರಿನಿಂದ ಜನ ಬರುವುದು ತಡವಾಗುತ್ತಿತ್ತಂತೆ.

“ನಾ ಏನೂ ಓದಲಿಲ್ರಿ ಸರ್, ನನಗ ಬಾಯಿಪಾಠ ಇಲ್ಲ. ಅವರು ಬರೂತನಾ ಆಕಿ ಬಾಜೂಕ ಕುಂತಿದ್ದೆ, ಅಷ್ಟ” ಎಂದಳು.